ಹಂಚಿನ ಮನೆಗೊಂದು ಹೋಮ್ ಥಿಯೇಟರ್ ರಿಸೀವರ್: ಆರಿಸುವುದರಿಂದ ಹಿಡಿದು ಪ್ಲಗ್ ಕೀಳುವವರೆಗೆ

ನನ್ನ ಮೊದಲ ರಿಸೀವರ್, ಅಂದರೆ ಟಿವಿಯ ಶಬ್ದವನ್ನು ಸ್ಪೀಕರುಗಳಿಗೆ ಹಂಚುವ ಡಬ್ಬ, ಕೆಟ್ಟುಹೋಗಿದ್ದು ಒಂದು ಮೇ ತಿಂಗಳ ಸಂಜೆ. ಆಗುಂಬೆ ಕಡೆ ಮೋಡ ಕಪ್ಪಾಗಿತ್ತು, ಗುಡುಗು ಶುರುವಾಗಿತ್ತು. ಓಡಿಹೋಗಿ ಪ್ಲಗ್ ಕಿತ್ತೆ, ಟಿವಿದೂ ಕಿತ್ತೆ, ಆಮೇಲೆ ನಿಶ್ಚಿಂತೆಯಿಂದ ಜಗಲಿಯಲ್ಲಿ ಕೂತು ಕಾಫಿ ಕುಡಿದೆ. ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು. ಮಾರನೇ ದಿನ ಹಾಕಿ ನೋಡಿದರೆ ದೀಪ ಹತ್ತುತ್ತದೆ, ರೇಡಿಯೊ ಹಾಡುತ್ತದೆ, ಆದರೆ ಚಿತ್ರ, ಶಬ್ದ ಎರಡನ್ನೂ ಸಾಗಿಸುವ ಎಚ್‌ಡಿಎಂಐ ಮಾತ್ರ ಒಂದೂ ಕೆಲಸ ಮಾಡುತ್ತಿಲ್ಲ. ಮಾಡಿನ ಮೇಲಿನ ಡಿಶ್‌ನಿಂದ ಒಂದು ವಯರು ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ರಿಸೀವರಿಗೆ ಹೋಗುತ್ತದೆ. ಆ ದಾರಿ ತೆರೆದೇ ಇತ್ತು. ಸಿಡಿಲು ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿನಿಂದ ಬಂದಿತ್ತು, ಅಷ್ಟೇ.

ಎರಡನೇದು ತರುವಾಗ ಸ್ವಲ್ಪ ಓದಿ, ಸ್ವಲ್ಪ ಕೆಡಿಸಿ ಕಲಿತೆ. ಯೂಟ್ಯೂಬಿನಲ್ಲಿ ಸಿಗುವ ಸಲಹೆ ಜಾಸ್ತಿ ಅಮೆರಿಕದ ಮನೆಗಳಿಗೆ: ನೆಲಕ್ಕೆ ಕಾರ್ಪೆಟ್, ಗೋಡೆಗೆ ಜಿಪ್ಸಂ ಹಲಗೆ, ಕರೆಂಟು 120 ವೋಲ್ಟು. ನಮ್ಮದು ಕೆಂಪು ಗಾರೆ ನೆಲ, ಮೇಲೆ ಹಂಚು, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಹಾಗಾಗಿ ತೀರ್ಥಹಳ್ಳಿ ಹತ್ತಿರದ ನಮ್ಮ ಅಪ್ಪ ಅಮ್ಮನ ಮನೆಯ ನಡುಮನೆಯನ್ನೇ ಉದಾಹರಣೆ ಇಟ್ಟುಕೊಂಡು ಬರೆಯುತ್ತೇನೆ. ಶಿವಮೊಗ್ಗದ ಟೆರೇಸ್ ಮನೆಯವರಿಗೂ ಹೆಚ್ಚುಕಮ್ಮಿ ಎಲ್ಲ ಅನ್ವಯಿಸುತ್ತದೆ.

ರಿಸೀವರ್ ನಿಜವಾಗಲೂ ಬೇಕಾ?

ಎವಿ ರಿಸೀವರ್ ಮೂರು ಕೆಲಸ ಮಾಡುತ್ತದೆ. ಬಂದ ಶಬ್ದವನ್ನು ಬಿಡಿಸಿ ಯಾವ ಸ್ಪೀಕರಿಗೆ ಏನು ಅಂತ ಹಂಚುತ್ತದೆ. ಆಂಪ್ಲಿಫೈಯರ್ ಆಗಿ ಸ್ಪೀಕರುಗಳಿಗೆ ಬಲ ಕೊಡುತ್ತದೆ. ಜೊತೆಗೆ ಸೆಟ್‌ಟಾಪ್ ಬಾಕ್ಸು, ಪ್ಲೇಯರು, ಗೇಮಿನ ಡಬ್ಬ ಎಲ್ಲವನ್ನೂ ತನ್ನಲ್ಲಿ ಸೇರಿಸಿಕೊಂಡು ಟಿವಿಗೆ ಒಂದೇ ಕೇಬಲ್ ಕಳಿಸುತ್ತದೆ. ಸ್ಪೀಕರ್ ಅದರ ಜೊತೆ ಬರುವುದಿಲ್ಲ, ಬೇರೆ ಕೊಳ್ಳಬೇಕು.

ಕೋಣೆ ಹತ್ತಡಿ ಹತ್ತಡಿ ಇದ್ದು, ಅಲ್ಲೇ ಊಟ, ಅಲ್ಲೇ ಮಕ್ಕಳ ಓದು ಅಂತಾದರೆ ಸ್ಪೀಕರೆಲ್ಲ ಒಳಗೇ ಇರುವ ಒಂದು ಒಳ್ಳೆ ಸೌಂಡ್‌ಬಾರ್ ತಂದು ಸುಮ್ನೆ ಇದ್ದುಬಿಡಿ. ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಆದರೆ ಸೌಂಡ್‌ಬಾರ್ ಕೆಟ್ಟರೆ ಇಡೀ ಸೆಟ್ಟು ಹೋದಂತೆ. ರಿಸೀವರ್ ಕೆಟ್ಟರೆ ಸ್ಪೀಕರ್ ಉಳಿಯುತ್ತದೆ. ಸಿಡಿಲು ಬಡಿದ ಮೇಲೂ ನನ್ನ ಐದು ಸ್ಪೀಕರಿಗೆ ಏನೂ ಆಗಿರಲಿಲ್ಲ, ಅವೇ ಇವತ್ತಿಗೂ ಹಾಡುತ್ತಿವೆ.

ಮೊದಲು ಟೇಪು ಹಿಡಿದು ಕೋಣೆ ಅಳೆಯಿರಿ

ಎಲ್ಲರೂ ಅಂಗಡಿಯಿಂದ ಶುರು ಮಾಡುತ್ತಾರೆ. ಅದು ತಪ್ಪು. ಕೋಣೆ ಅಳೆಯಿರಿ, ಎಲ್ಲಿ ಕೂರುತ್ತೀರಿ ಅಂತ ಗುರುತು ಮಾಡಿ, ಅದಕ್ಕೆ ಎಂಥ ಸ್ಪೀಕರ್ ಬೇಕು ಅಂತ ನೋಡಿ, ರಿಸೀವರ್ ಕೊನೆಗೆ.

ನಮ್ಮ ನಡುಮನೆ 18 ಅಡಿ ಉದ್ದ, 12 ಅಡಿ ಅಗಲ. ಟಿವಿ 12 ಅಡಿಯ ಗೋಡೆಯಲ್ಲಿದೆ. ಅಪ್ಪನ ಕುರ್ಚಿ ಎದುರಿನ ಗೋಡೆಗೆ ಒರಗಿಕೊಂಡೇ ಇತ್ತು, ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ? ಅಲ್ಲೇ ತೊಂದರೆ. ಕಡಿಮೆ ಕಂಪನದ ದಪ್ಪ ಶಬ್ದ ಎರಡು ಗೋಡೆಗಳ ನಡುವೆ ಹೋಗಿ ಬಂದು ಕೆಲವು ಕಡೆ ಗುಡ್ಡೆಯಾಗುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 36ರಿಂದ ಭಾಗಿಸಿದರೆ 31 ಹರ್ಟ್ಜ್, ಅಂದರೆ ಸೆಕೆಂಡಿಗೆ 31 ಕಂಪನ, ಬರುತ್ತದೆ. ಆ ಶಬ್ದ ಗೋಡೆ ಪಕ್ಕ ಜಾಸ್ತಿ, ಕೋಣೆಯ ನಟ್ಟನಡುವೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಗೋಡೆಗೂ ಒರಗಬೇಡಿ, ನಡುವೆಯೂ ಕೂರಬೇಡಿ. ಹಿಂದಿನ ಗೋಡೆಯಿಂದ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಬನ್ನಿ. ನಮ್ಮಲ್ಲಿ ಅದು ಆರು ಅಡಿ. ಅಪ್ಪ ಎರಡು ದಿನ ಗೊಣಗಿದರು, ಮೂರನೇ ದಿನ ಒಗ್ಗಿಕೊಂಡರು.

ಆಮೇಲೆ ಕೋಣೆಯ ಮಧ್ಯ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಟಿರ್ರ್ ಅಂತ ಬಾಲ ಬಂದರೆ ಗೋಡೆಗಳು ಶಬ್ದವನ್ನು ಎಸೆದಾಡುತ್ತಿವೆ ಅಂತ ಅರ್ಥ. ಇದಕ್ಕೆ ದುಬಾರಿ ಫೋಮ್ ಹಲಗೆ ಬೇಡ. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಯಲ್ಲಿ ಒಂದು ಪುಸ್ತಕದ ಕಪಾಟು ಸಾಕು. ನಾವು ಹಳೇ ಕರಿ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಿಂದಿನ ಗೋಡೆಗೆ ತೂಗುಹಾಕಿದೆವು. ನೋಡಿದವರು ಅಲಂಕಾರಕ್ಕೆ ಅಂದುಕೊಂಡಿದ್ದಾರೆ.

5.1, 7.1, ಅಟ್ಮಾಸ್: ಎಷ್ಟು ಬೇಕು?

5.1 ಅಂದರೆ ಮುಂದೆ ಮೂರು, ಪಕ್ಕದಲ್ಲಿ ಎರಡು, ದಪ್ಪ ಶಬ್ದಕ್ಕೆಂದೇ ಒಂದು ಸಬ್‌ವೂಫರ್. 7.1ರಲ್ಲಿ ಬೆನ್ನ ಹಿಂದೆ ಇನ್ನೆರಡು. ಬೆನ್ನ ಹಿಂದೆ ನಾಲ್ಕೈದು ಅಡಿ ಜಾಗ ಇಲ್ಲದವರಿಗೆ 7.1 ಸುಮ್ನೆ ವಯರಿನ ಖರ್ಚು. 5.1.2ರ ಕೊನೆಯ 2 ಅಂದರೆ ತಲೆಯ ಮೇಲಿನ ಅಟ್ಮಾಸ್ ಸ್ಪೀಕರ್. ಮಳೆ, ಹೆಲಿಕಾಪ್ಟರು ಮೇಲಿನಿಂದ ಬಂದಂತೆ ಕೇಳಿಸುವುದು ಇದರಿಂದ.

ಹಂಚಿನ ಮನೆಯವರು ಇಲ್ಲಿ ಗಮನ ಕೊಡಿ. ಅಟ್ಮಾಸಿಗೆ ಮೇಲ್ಮುಖವಾಗಿ ಶಬ್ದ ಎಸೆಯುವ ಪುಟ್ಟ ಸ್ಪೀಕರುಗಳನ್ನು ಮಾರುತ್ತಾರೆ. ಆ ಶಬ್ದ ಚಾವಣಿಗೆ ಬಡಿದು ನಿಮ್ಮ ಕಿವಿಗೆ ಬರಬೇಕು, ಅದಕ್ಕೆ ಚಾವಣಿ ಸಮತಟ್ಟಾಗಿ, ಗಟ್ಟಿಯಾಗಿ, ತೀರಾ ಎತ್ತರವಿಲ್ಲದೆ ಇರಬೇಕು. ಇಳಿಜಾರು ಹಂಚಿಗೆ ಬಡಿದ ಶಬ್ದ ಎತ್ತಲೋ ಹೋಗುತ್ತದೆ. ಹಂಚಿನ ಕೆಳಗೆ ಸಪಾಟಾದ ಮರದ ಮುಚ್ಚಿಗೆ ಇದ್ದರೆ ತೊಲೆಗೆ ಎರಡು ಸಣ್ಣ ಸ್ಪೀಕರ್ ಕೆಳಮುಖವಾಗಿ ಕಟ್ಟುವುದೇ ಲೇಸು. ಬರೀ ಹಂಚಾದರೆ ಅಟ್ಮಾಸಿನ ಆಸೆ ಬಿಟ್ಟು ಅದೇ ದುಡ್ಡನ್ನು ನಡುವಿನ ಸ್ಪೀಕರಿಗೆ ಹಾಕಿ. ಹೇಗೂ ಜುಲೈನಲ್ಲಿ ಮೇಲಿನಿಂದ ಮಳೆ ಶಬ್ದ ಪುಕ್ಕಟೆ ಬರುತ್ತದೆ.

ಪೆಟ್ಟಿಗೆ ಮೇಲೆ 7.2 ಅಂತ ಇದ್ದರೆ ಎರಡು ಸಬ್‌ವೂಫರನ್ನು ಬೇರೆಬೇರೆಯಾಗಿ ನೋಡಿಕೊಳ್ಳುತ್ತದೆ ಅಂತಲ್ಲ. ಕಡಿಮೆ ಬೆಲೆಯ ರಿಸೀವರುಗಳಲ್ಲಿ ಹೆಚ್ಚಾಗಿ ಒಂದೇ ಶಬ್ದವನ್ನು ಎರಡು ತೂತಿಗೆ ಕೊಟ್ಟಿರುತ್ತಾರೆ.

ವ್ಯಾಟಿನ ಮಾಯೆ

ಅಂಗಡಿಯಲ್ಲಿ ಮೊದಲು ಕಾಣುವುದೇ ದೊಡ್ಡ ಅಕ್ಷರದ ವ್ಯಾಟು. ಅದನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ. ಒಂದೇ ಚಾನೆಲ್ (ಒಂದು ಸ್ಪೀಕರಿಗೆ ಹೋಗುವ ದಾರಿ) ಓಡಿಸಿ, 1 ಕಿಲೊಹರ್ಟ್ಜ್ ಒಂದೇ ಸ್ವರ ಕೊಟ್ಟು, ಶಬ್ದ 10 ಶೇಕಡಾ ಕೆಡುವವರೆಗೆ ಎಳೆದು ಅಳೆದ ವ್ಯಾಟು ಬೇರೆ. ಎರಡು ಚಾನೆಲ್ ಒಟ್ಟಿಗೆ ಓಡಿಸಿ, 20ರಿಂದ 20,000 ಹರ್ಟ್ಜ್ ತನಕ, ಕೆಡುವಿಕೆ 0.1 ಶೇಕಡಾದೊಳಗೆ ಇಟ್ಟು ಅಳೆದ ವ್ಯಾಟು ಬೇರೆ. ಒಂದೇ ಡಬ್ಬಕ್ಕೆ ಮೊದಲನೇ ಲೆಕ್ಕದಲ್ಲಿ ಬರುವ ಅಂಕಿ ಎರಡನೇ ಲೆಕ್ಕದ ಎರಡರಷ್ಟು ಹತ್ತಿರ ಇರಬಹುದು. ಎರಡು ಕಂಪನಿಯ ಡಬ್ಬ ಹೋಲಿಸುವಾಗ ಎರಡನೇ ಲೆಕ್ಕವನ್ನೇ ಹೋಲಿಸಿ. ಎಲ್ಲ ಐದು ಚಾನೆಲ್ ಒಟ್ಟಿಗೆ ಓಡಿದರೆ ಅದೂ ಇನ್ನಷ್ಟು ಇಳಿಯುತ್ತದೆ.

ಈಗ ಮನೆಗೆ ಎಷ್ಟು ಬೇಕು ಅಂತ ನೋಡೋಣ. ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ, 87 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಕೇಳುತ್ತದೆ ಅಂತ ಅರ್ಥ. ಮೂರು ಮೀಟರ್ ದೂರ ಕೂತರೆ ಸುಮಾರು 9 ಡೆಸಿಬೆಲ್ ಕಡಿಮೆ ಆಗುತ್ತದೆ, 78 ಉಳಿಯಿತು. ಹತ್ತು ವ್ಯಾಟಿಗೆ 88. ಐವತ್ತಕ್ಕೆ 95. ನೂರಕ್ಕೆ 98. ನೋಡಿದಿರಾ, ವ್ಯಾಟು ಎರಡರಷ್ಟಾದರೆ ಸಿಕ್ಕಿದ್ದು ಬರೀ ಮೂರು ಡೆಸಿಬೆಲ್. ಮೂರು ಡೆಸಿಬೆಲ್ ಅಂದರೆ ಸ್ವಲ್ಪ ಜೋರಾಯಿತು ಅನ್ನಿಸುವಷ್ಟು ಮಾತ್ರ. ಅದೇ 90 ಡೆಸಿಬೆಲ್ಲಿನ ಸ್ಪೀಕರ್ ತಂದಿದ್ದರೆ ಆ ಮೂರು ಹಾಗೇ ಬರುತ್ತಿತ್ತು. ಹಾಗಾಗಿ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಇಡಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ನಡುಮನೆಯಂಥ ಕೋಣೆಗೆ ನಿಜವಾದ 70–80 ವ್ಯಾಟ್ ಧಾರಾಳ.

ಓಮ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅದನ್ನೂ ನೋಡಿ. 6 ಅಥವಾ 8 ಓಮಿನ ಸ್ಪೀಕರನ್ನು ಸಾಧಾರಣ ರಿಸೀವರ್ ಸಲೀಸಾಗಿ ಎಳೆಯುತ್ತದೆ. 4 ಓಮ್ ಆದರೆ ಜಾಸ್ತಿ ಕರೆಂಟು ಎಳೆದು ಬಿಸಿಯಾಗುತ್ತದೆ, ಆಗ ರಿಸೀವರಿನ ಕೈಪಿಡಿಯಲ್ಲಿ 4 ಓಮಿಗೆ ಒಪ್ಪಿಗೆ ಇದೆಯಾ ಅಂತ ನೋಡಲೇಬೇಕು.

ಹಿಂಬದಿಯ ತೂತುಗಳು

ಎಷ್ಟು ಎಚ್‌ಡಿಎಂಐ ಇದೆ ಅಂತ ಎಣಿಸಿ. ನಿಮ್ಮ ಹತ್ತಿರ ಇರುವ ಡಬ್ಬಗಳಿಗಿಂತ ಒಂದು ಜಾಸ್ತಿ ಇರಲಿ. 4ಕೆ ಸಿನಿಮಾ ನೋಡುವವರಿಗೆ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗದ ವ್ಯವಸ್ಥೆ) ಬೇಕೇಬೇಕು. ಈಗಿನ ಹೊಸ ಡಬ್ಬಗಳಲ್ಲಿ ಇದ್ದೇ ಇರುತ್ತದೆ, ಹಳೇದು ಕೊಳ್ಳುವವರು ಕೇಳಿ ತಿಳಿದುಕೊಳ್ಳಿ. 4ಕೆ 120 ಹರ್ಟ್ಜ್ ಗೇಮ್ ಆಡುವ ಮಗ ಮನೆಯಲ್ಲಿದ್ದರೆ ಮಾತ್ರ ಎಚ್‌ಡಿಎಂಐ 2.1ರ ಮಾತು.

ಜಾಸ್ತಿ ಗೊಂದಲ ಆಗುವುದು ಆರ್ಕ್ ಮತ್ತು ಇ-ಆರ್ಕ್ ವಿಷಯದಲ್ಲಿ. ಟಿವಿಯೊಳಗಿನ ಆಪ್‌ನಲ್ಲಿ ಸಿನಿಮಾ ಓಡಿದರೆ ಶಬ್ದ ಟಿವಿಯಿಂದ ರಿಸೀವರಿಗೆ ಹಿಂದಕ್ಕೆ ಬರಬೇಕಲ್ಲ, ಅದೇ ಎಚ್‌ಡಿಎಂಐ ಕೇಬಲ್ಲಿನಲ್ಲಿ ಆ ಹಿಮ್ಮುಖ ದಾರಿ ಮಾಡಿದ್ದು ಆರ್ಕ್. ಇದು ದೊಡ್ಡ ಶಬ್ದದ ಕಡತಕ್ಕೆ ಸಾಲದ ಕಿರುದಾರಿ. ನೆಟ್‌ಫ್ಲಿಕ್ಸ್, ಪ್ರೈಮ್ ಇವೆಲ್ಲ ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಬಗೆಯ ಶಬ್ದ ಇದರಲ್ಲೇ ಹಾಯಾಗಿ ಬರುತ್ತದೆ, ಅದರೊಳಗಿನ ಅಟ್ಮಾಸ್ ಕೂಡ. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಅನ್ನುವ ದೊಡ್ಡ ಕಡತದ ಶಬ್ದ ಬರಬೇಕಾದರೆ ಇದೇ ದಾರಿಯನ್ನು ಅಗಲ ಮಾಡಿದ ಇ-ಆರ್ಕ್ ಬೇಕು, ಇಲ್ಲವೇ ಪ್ಲೇಯರನ್ನು ನೇರವಾಗಿ ರಿಸೀವರಿಗೇ ಸಿಕ್ಕಿಸಬೇಕು. ನೀವು ಬರೀ ಆಪ್ ನೋಡುವವರಾದರೆ ಇ-ಆರ್ಕ್ ಇಲ್ಲ ಅಂತ ಒಳ್ಳೆ ಡಬ್ಬ ಬಿಡಬೇಡಿ. ಪೆನ್‌ಡ್ರೈವಿನಲ್ಲಿ ಸಿನಿಮಾ ಹಾಕುವವರಿಗೆ ಇನ್ನೊಂದು ಮಾತು: ಕೆಲವು ಟಿವಿಗಳು ಡಿಟಿಎಸ್ ಶಬ್ದವನ್ನು ಮುಂದಕ್ಕೆ ಬಿಡುವುದೇ ಇಲ್ಲ. ಚಿತ್ರ ಬರುತ್ತದೆ, ಮಾತಿಲ್ಲ. ಅದು ರಿಸೀವರಿನ ತಪ್ಪಲ್ಲ.

ಅಂಗಡಿಯಲ್ಲಿ

ಶಿವಮೊಗ್ಗದಲ್ಲಿ ನೆಹರು ರಸ್ತೆ, ಗಾಂಧಿ ಬಜಾರ್ ಸುತ್ತಿದರೆ ಟಿವಿ ನೂರು ನೋಡಬಹುದು, ರಿಸೀವರ್ ಇಟ್ಟು ಕೇಳಿಸುವವರು ಕಡಿಮೆ. ಬೆಂಗಳೂರಿಗೆ ಹೋದಾಗ ನಿಮ್ಮದೇ ಪೆನ್‌ಡ್ರೈವಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಶಬ್ದ ತೆಗೆದುಕೊಂಡು ಹೋಗಿ. ನಾನು ಯಕ್ಷಗಾನದ ಧ್ವನಿಮುದ್ರಣ ಒಯ್ಯುತ್ತೇನೆ. ನಗಬೇಡಿ. ಭಾಗವತರ ಏರುದನಿ, ಮದ್ದಳೆಯ ತುಂಬಿದ ನಾದ, ಚಂಡೆಯ ಚುರುಕು ಪೆಟ್ಟು, ಮೂರೂ ಒಂದೇ ಕಡೆ ಸಿಗುತ್ತವೆ. ಚಂಡೆ ಕಿವಿಗೆ ಚುಚ್ಚಿದರೆ, ಮದ್ದಳೆ ಡಬ್ಬ ಬಡಿದಂತೆ ಕೇಳಿದರೆ ಆ ಸ್ಪೀಕರ್ ಬೇಡ. ಮದ್ದಳೆ ನಿಜವಾಗಿ ಹೇಗೆ ಕೇಳುತ್ತದೆ ಅಂತ ನಮಗೆ ಗೊತ್ತಲ್ಲ, ಸಿನಿಮಾದ ಬಾಂಬು ಹೇಗೆ ಕೇಳಬೇಕು ಅಂತ ಯಾರಿಗೆ ಗೊತ್ತು?

ಬಿಲ್ಲು ಸರಿಯಾಗಿ ತೆಗೆದುಕೊಳ್ಳಿ. ವಾರಂಟಿ ಇಂಡಿಯಾದ್ದೇನಾ, ಕೆಟ್ಟರೆ ಎಲ್ಲಿ ರಿಪೇರಿ, ಡಬ್ಬವನ್ನು ಅಲ್ಲಿಗೆ ತಲುಪಿಸುವವರು ಯಾರು, ಮೂರನ್ನೂ ಕೇಳಿ. ಎಂಟು ಹತ್ತು ಕೆಜಿ ಭಾರ ಇರುತ್ತದೆ, ಹಾಗಾಗಿ ರಟ್ಟಿನ ಪೆಟ್ಟಿಗೆಯನ್ನು ಥರ್ಮೋಕೋಲ್ ಸಮೇತ ಅಟ್ಟಕ್ಕೆ ಹಾಕಿ, ಒಲೆಗೆ ಹಾಕಬೇಡಿ.

ಅಮೆರಿಕದಲ್ಲಿರುವ ಅಣ್ಣನ ಮಗ ಬರುವಾಗ ಒಂದು ತಂದುಕೊಡಲಾ ಅಂತ ಕೇಳುತ್ತಾನೆ. ಬೇಡ ಅನ್ನಿ. ಅಲ್ಲಿಯದು 120 ವೋಲ್ಟಿಗೆ ಮಾಡಿದ್ದು. ನಮ್ಮ 230ಕ್ಕೆ ಸಿಕ್ಕಿಸಿದರೆ ಅಲ್ಲೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವವರಿದ್ದಾರೆ, ಆದರೆ ಅದರದ್ದೇ ಭಾರ, ಅದರದ್ದೇ ಗುಂಯ್‌ಗುಡುವಿಕೆ, ವಾರಂಟಿಯಂತೂ ಇಲ್ಲ.

ಹಳೇದು ಕೊಳ್ಳುವುದಾದರೆ ಪ್ರತಿಯೊಂದು ಎಚ್‌ಡಿಎಂಐಗೂ ಕೇಬಲ್ ಹಾಕಿ ಚಿತ್ರ ನೋಡಿ, ಪ್ರತಿಯೊಂದು ಚಾನೆಲ್ಲಿಗೂ ಒಂದೊಂದು ಸ್ಪೀಕರ್ ಸಿಕ್ಕಿಸಿ ಕೇಳಿ. ಕೋಣೆಯಲ್ಲಿ ಶಬ್ದ ಅಳೆಯುವ ಮೈಕು ಜೊತೆಗಿದೆಯಾ ನೋಡಿ. ಒಂದು ಕಂಪನಿಯ ಮೈಕು ಇನ್ನೊಂದಕ್ಕೆ ಆಗುವುದಿಲ್ಲ.

ಡಬ್ಬ ಬಿಚ್ಚುವ ಮೊದಲು ಕರೆಂಟು

ಎಲೆಕ್ಟ್ರಿಷಿಯನ್ ಕರೆಸಿ ಆ ಸ್ವಿಚ್ ಬೋರ್ಡಿಗೆ ಅರ್ಥಿಂಗ್ ನಿಜವಾಗಲೂ ಇದೆಯಾ ಅಂತ ನೋಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ವಯರೇ ಇರುವುದಿಲ್ಲ. ನಮ್ಮಲ್ಲಿ ಹಾಗೇ ಇತ್ತು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ, ಒಣಗಿದ ಮಣ್ಣು ಕೆಲಸ ಮಾಡುವುದಿಲ್ಲ.

ಸಂಜೆ ವೋಲ್ಟೇಜ್ ಇಳಿಯುವ ಕಡೆ ಟಿವಿ ಮತ್ತು ರಿಸೀವರಿಗೆ ಸೇರಿಸಿ ಒಂದು ಸ್ಟೆಬಿಲೈಸರ್ ಹಾಕಿ. ಎರಡರ ಹಿಂಬದಿಯಲ್ಲೂ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಬರೆದಿರುತ್ತದೆ, ಕೂಡಿಸಿ ಅದರ ಮೇಲೆ ಸ್ವಲ್ಪ ಜಾಸ್ತಿಯದು ಕೊಳ್ಳಿ. ಮನೆಯ ಯುಪಿಎಸ್ ಮೇಲೆ ಓಡಿಸುವವರು ಅದು ಪ್ಯೂರ್ ಸೈನ್‌ವೇವ್ ಹೌದಾ ನೋಡಿಕೊಳ್ಳಿ. ಸ್ಕ್ವೇರ್‌ವೇವ್ ಆದರೆ ರಿಸೀವರಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಬಿಸಿಯೂ ಜಾಸ್ತಿ.

ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅದನ್ನು ನಂಬಿ ಮಲಗಬೇಡಿ. ಲೈನಿನಲ್ಲಿ ಬರುವ ಸಣ್ಣಪುಟ್ಟ ಏಟು ತಡೆಯುತ್ತದೆ, ಹತ್ತಿರದ ಸಿಡಿಲಿಗೆ ಅದು ಏನೇನೂ ಅಲ್ಲ. ಏಟು ತಿಂದು ತಿಂದು ಅದರೊಳಗಿನ ಭಾಗ ಸವೆಯುತ್ತದೆ ಕೂಡ. ಮೋಡ ಕಟ್ಟಿದಾಗ ಕೀಳಬೇಕಾದ್ದು ಮೂರು: ಕರೆಂಟಿನ ಪ್ಲಗ್, ಡಿಶ್ ವಯರು, ಇಂಟರ್ನೆಟ್ಟಿನ ಲ್ಯಾನ್ ಕೇಬಲ್. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಗೋಡೆಯಲ್ಲಿದೆ, ಅದರಿಂದ ಹೊರಟ ಲ್ಯಾನ್ ಕೇಬಲ್ ತಾಮ್ರದ್ದು. ವೈಫೈನಲ್ಲೇ ಓಡಿಸಿದರೆ ಕೀಳುವುದು ಒಂದು ಕಡಿಮೆ ಆಯಿತು. ಡಿಶ್ ವಯರನ್ನು ಪ್ರತಿ ಸಲ ತಿರುಪಿ ಬಿಚ್ಚುವುದು ರಗಳೆ, ತಳ್ಳಿದರೆ ಕೂರುವ, ಎಳೆದರೆ ಬರುವ ಕನೆಕ್ಟರ್ ಸಿಗುತ್ತದೆ, ಅದನ್ನು ಹಾಕಿಸಿ. ಕಿತ್ತ ತುದಿಯನ್ನು ಡಬ್ಬದ ಪಕ್ಕದಲ್ಲೇ ಬಿಡಬೇಡಿ, ಒಂದು ಮಾರು ದೂರ ಇಡಿ.

ಸ್ಪೀಕರ್ ಇಡುವುದು, ವಯರು ಎಳೆಯುವುದು

ಮುಂದಿನ ಎಡ ಬಲ ಸ್ಪೀಕರುಗಳು ನಿಮ್ಮ ಮೂಗಿನ ನೇರದಿಂದ ಆಚೀಚೆ 22ರಿಂದ 30 ಡಿಗ್ರಿಯಲ್ಲಿರಬೇಕು. ಕೋನಮಾಪಕ ಹುಡುಕಬೇಡಿ. ಹತ್ತು ಅಡಿ ದೂರ ಕೂತರೆ ಎರಡು ಸ್ಪೀಕರಿನ ನಡುವೆ ಏಳೂವರೆಯಿಂದ ಹತ್ತು ಅಡಿ ಇರಲಿ, ಲೆಕ್ಕ ಸರಿಯಾಗುತ್ತದೆ. ಟ್ವೀಟರ್, ಅಂದರೆ ಆ ಪುಟ್ಟ ಬುರುಡೆ, ಕಿವಿಯ ಮಟ್ಟಕ್ಕೆ. ನಡುವಿನದು ಟಿವಿಯ ಕೆಳಗೆ, ಮುಖ ಸ್ವಲ್ಪ ಮೇಲಕ್ಕೆ ಓರೆ ಮಾಡಿ. ಸಿನಿಮಾದ ಮಾತು ಹೆಚ್ಚುಕಮ್ಮಿ ಎಲ್ಲ ಅದರಲ್ಲೇ ಬರುವುದು, ಅದನ್ನು ಕಪಾಟಿನ ಒಳಗೆ ತುರುಕಿದರೆ ಎಲ್ಲರೂ ಮಡಕೆಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಪಕ್ಕದ ಎರಡು ಕಿವಿಯ ನೇರಕ್ಕೆ ಅಥವಾ ಸ್ವಲ್ಪ ಹಿಂದೆ, 90ರಿಂದ 110 ಡಿಗ್ರಿ, ಕಿವಿಗಿಂತ ಒಂದೆರಡು ಅಡಿ ಮೇಲೆ.

ಸಬ್‌ವೂಫರ್ ಎಲ್ಲಿಡಬೇಕು ಅಂತ ಯಾರೂ ಮೊದಲೇ ಹೇಳಲು ಬರುವುದಿಲ್ಲ, ಹುಡುಕಬೇಕು. ಅದನ್ನು ನೀವು ಕೂರುವ ಕುರ್ಚಿಯ ಮೇಲೆ ಹೊತ್ತು ಇಡಿ. ಬೇಸ್ ಚೆನ್ನಾಗಿರುವ ಹಾಡೊಂದನ್ನು ತಿರುಗಿ ತಿರುಗಿ ಹಾಕಿ. ಈಗ ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ. ಕೆಲವು ಕಡೆ ಬರೀ ಗುಮ್ ಗುಮ್, ಕೆಲವು ಕಡೆ ಬೇಸೇ ಇಲ್ಲ, ಒಂದು ಕಡೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಬ್‌ವೂಫರ್ ತಂದು ಅಲ್ಲೇ ಇಡಿ. ನಾನು ಭಾವನೂ ಸೇರಿ ಹೀಗೆ ಅಂಬೆಗಾಲಿಡುವಾಗ ಅಮ್ಮ ಅಡುಗೆಮನೆಯಿಂದ ಬಂದು "ಏನು ಕಳಕೊಂಡ್ರೋ? ಉಂಗುರವಾ?" ಅಂತ ತಾವೂ ಹುಡುಕಲು ಬಗ್ಗಿದ್ದರು.

ವಯರು. ಸ್ಪೀಕರ್ ವಯರ್ ಅಂತ ಅಗ್ಗಕ್ಕೆ ಸಿಗುವುದರಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿದ್ದೂ ಇರುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಶುದ್ಧ ತಾಮ್ರದ 16 ಗೇಜ್ ನಲವತ್ತು ಅಡಿಯವರೆಗೆ ಸಾಕು, ಅದಕ್ಕಿಂತ ಉದ್ದ ಅಥವಾ 4 ಓಮ್ ಸ್ಪೀಕರ್ ಆದರೆ 14 ಗೇಜ್ (ಗೇಜಿನ ಅಂಕಿ ಇಳಿದಷ್ಟೂ ವಯರು ದಪ್ಪ). ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ಎಳೆ ಎಳೆ ತಾಮ್ರದ ವಯರು 16 ಗೇಜಿಗಿಂತ ಕೂದಲೆಳೆ ದಪ್ಪವೇ, ಅದನ್ನೇ ಧಾರಾಳವಾಗಿ ಬಳಸಬಹುದು. ಅಟ್ಟದ ಮೇಲೆ ಹಾಯಿಸುವುದಾದರೆ ಪಿವಿಸಿ ಪೈಪಿನೊಳಗೆ ಹಾಕಿ, ಇಲ್ಲದಿದ್ದರೆ ಇಲಿಗೆ ಹಬ್ಬ.

ರಿಸೀವರಿನ ಪ್ಲಗ್ ಹಾಕದೆ ವಯರು ಜೋಡಿಸಿ. ತುದಿಯ ಅರ್ಧ ಇಂಚು ಸಿಪ್ಪೆ ತೆಗೆದು, ಎಳೆಗಳನ್ನು ಬತ್ತಿ ಹೊಸೆದಂತೆ ಗಟ್ಟಿಯಾಗಿ ಹೊಸೆಯಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ್ದಕ್ಕೆ ತಾಗಿದರೂ ರಿಸೀವರ್ ಹತ್ತಿದ ಕೂಡಲೇ ದೀಪ ಮಿಣುಕಿಸಿ ಆರಿಹೋಗುತ್ತದೆ. ಕೆಟ್ಟಿತು ಅಂತ ಹೆದರಬೇಡಿ, ಅದು ತನ್ನನ್ನು ಕಾಪಾಡಿಕೊಂಡಿದ್ದು. ಪ್ಲಗ್ ಕಿತ್ತು, ಎಳೆ ಹುಡುಕಿ. ಕೆಂಪು ಕಪ್ಪು ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಬೇಸ್ ತೆಳ್ಳಗಾಗಿ, ಗಾಯಕ ಎಲ್ಲಿ ನಿಂತಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಅನುಮಾನ ಇದ್ದರೆ ರಿಸೀವರಿನಿಂದ ಬಿಚ್ಚಿದ ವಯರಿಗೆ ಒಂದು ಪೆನ್ಸಿಲ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ. ಸೆಲ್ಲಿನ ಪ್ಲಸ್ ಕೆಂಪಿಗೆ ಮುಟ್ಟಿದರೆ ಸಾಮಾನ್ಯವಾಗಿ ವೂಫರ್, ಅಂದರೆ ದೊಡ್ಡ ಬುರುಡೆ, ಹೊರಕ್ಕೆ ಉಬ್ಬಬೇಕು.

ರಿಸೀವರಿನ ಮೇಲೆ ನಾಲ್ಕೈದು ಇಂಚು ಖಾಲಿ ಬಿಡಿ. ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಕಸೂತಿ ಬಟ್ಟೆಯಂತೂ ಬೇಡವೇ ಬೇಡ.

ಟಿವಿಗೆ ಪರಿಚಯ ಮಾಡಿಸುವುದು

ರಿಸೀವರಿನ ಎಚ್‌ಡಿಎಂಐ ಔಟ್‌ನಿಂದ ಟಿವಿಯ ಆರ್ಕ್ ಅಂತ ಬರೆದ ತೂತಿಗೇ ಕೇಬಲ್ ಹಾಕಿ. ಬೇರೆ ತೂತಿಗೆ ಹಾಕಿ ಅರ್ಧ ದಿನ ಒದ್ದಾಡುವವರು ಬಹಳ. ಟಿವಿಯಲ್ಲಿ ಎಚ್‌ಡಿಎಂಐ ಸಿಇಸಿ, ಅಂದರೆ ಟಿವಿ ಮತ್ತು ರಿಸೀವರ್ ಒಂದಕ್ಕೊಂದು ಮಾತಾಡಿಕೊಳ್ಳುವ ವ್ಯವಸ್ಥೆ, ಆನ್ ಮಾಡಿ. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಹುಡುಕಿ. ಅಲ್ಲಿ ಪಿಸಿಎಂ ಅಂತ ಇದ್ದರೆ ಆರ್ಕ್‌ನಲ್ಲಿ ಬರೀ ಎರಡು ಚಾನೆಲ್ ಬರುತ್ತದೆ. ಅದನ್ನು ಪಾಸ್‌ಥ್ರೂ, ಬಿಟ್‌ಸ್ಟ್ರೀಮ್ ಅಥವಾ ಆಟೊ ಮಾಡಿ. ರಿಸೀವರಿನ ಮುಖದ ಮೇಲೆ ಡಾಲ್ಬಿ ಹೆಸರು ಬಂದರೆ ಆಯಿತು.

ಮೈಕು ಮತ್ತು ಕೋಳಿ

ಈಗಿನ ರಿಸೀವರುಗಳ ಜೊತೆ ಒಂದು ಸಣ್ಣ ಮೈಕು ಬರುತ್ತದೆ. ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಾವೊ, ಇನ್ನು ಕೆಲವರಲ್ಲಿ ಡಿರಾಕ್, ಹೆಸರು ಏನೇ ಇರಲಿ ಕೆಲಸ ಒಂದೇ: ಪ್ರತಿ ಸ್ಪೀಕರಿನಿಂದ ಶಬ್ದ ಹೊರಡಿಸಿ, ಎಷ್ಟು ದೂರ, ಎಷ್ಟು ಜೋರು, ಕೋಣೆ ಎಲ್ಲಿ ಕೆಡಿಸುತ್ತಿದೆ ಅಂತ ಅಳೆದು ಸರಿಮಾಡುವುದು. ಕೆಲವು ಒಂದೇ ಜಾಗದಲ್ಲಿ ಅಳೆಯುತ್ತವೆ, ಕೆಲವು ಆರೆಂಟು ಕಡೆ ಕೇಳುತ್ತವೆ. ಮೈಕನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಕೈಯಲ್ಲಿ ಹಿಡಿಯಬೇಡಿ. ಫ್ಯಾನು ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ.

ನಾನು ಈ ಕೆಲಸಕ್ಕೆ ಜುಲೈ ತಿಂಗಳು ಆರಿಸಿಕೊಂಡೆ. ಹಂಚಿನ ಮೇಲೆ ಜಡಿಮಳೆ, ಸುತ್ತಲ ಶಬ್ದ ಜಾಸ್ತಿ ಅಂತ ರಿಸೀವರ್ ಪ್ರತಿ ಸಲವೂ ಕೈಚೆಲ್ಲಿತು. ಮೂರು ದಿನ ಕಾದೆ. ನಾಲ್ಕನೇ ದಿನ ಬೆಳಗಿನ ಜಾವ ಮಳೆ ಹೊಳವಾಯಿತು, ಎದ್ದು ಕೂತು ಶುರು ಮಾಡಿದೆ. ನಾಲ್ಕು ಸ್ಪೀಕರ್ ಮುಗಿಯಿತು, ಐದನೆಯದು ಅರ್ಧಕ್ಕೆ ಬಂದಾಗ ಹಿತ್ತಲಲ್ಲಿ ಕೋಳಿ ಕೂಗಿತು. ಮತ್ತೆ ಮೊದಲಿನಿಂದ. ಹಾಗಾಗಿ ದಸರಾ ಕಳೆದು ಮಳೆ ನಿಂತ ಮೇಲೆ ಮಾಡಿ, ಮಧ್ಯಾಹ್ನ ಮಾಡಿ.

ಅಳತೆ ಮುಗಿದ ಮೇಲೆ ಅದು ಮಾಡಿದ್ದನ್ನು ಒಮ್ಮೆ ನೋಡಿ. ಸ್ಪೀಕರನ್ನು ಲಾರ್ಜ್ ಅಂತ ಹಾಕಿದ್ದರೆ ಸ್ಮಾಲ್ ಮಾಡಿ, ಕ್ರಾಸೋವರ್ 80 ಹರ್ಟ್ಜಿಗೆ ಇಡಿ. 80ಕ್ಕಿಂತ ಕೆಳಗಿನ ದಪ್ಪ ಶಬ್ದವೆಲ್ಲ ಸಬ್‌ವೂಫರಿಗೆ ಹೋಗುತ್ತದೆ, ರಿಸೀವರಿನ ಹೊರೆ ಇಳಿಯುತ್ತದೆ. ಅಂಗೈ ಅಗಲದ ಸ್ಪೀಕರಾದರೆ 100 ಅಥವಾ 120. ಸಬ್‌ವೂಫರ್ ಮೇಲಿನ ಕ್ರಾಸೋವರ್ ತಿರುಪನ್ನು ಕೊನೆವರೆಗೆ ತಿರುಗಿಸಿಬಿಡಿ, ಭಾಗ ಮಾಡುವ ಕೆಲಸ ರಿಸೀವರ್ ಒಂದೇ ಮಾಡಲಿ. ಸಬ್‌ವೂಫರಿನ ದೂರ ಟೇಪಿನ ಅಳತೆಗಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ, ಅದರೊಳಗಿನ ವಿಳಂಬವನ್ನೂ ಸೇರಿಸಿ ಹೇಳುತ್ತಿದೆ. ವಾಲ್ಯೂಮ್ ಮೈನಸ್ 25 ಅಂತ ತೋರಿಸುವುದೂ ತಪ್ಪಲ್ಲ. ಸೊನ್ನೆ ಅಂದರೆ ಸಿನಿಮಾ ಮಂದಿರದ ಮಟ್ಟ, ಮನೆಗೆ ಅದು ಅತಿಯಾಯಿತು.

"ಮಾತೇ ಕೇಳಲ್ಲ, ಬರೀ ಢಾಂ ಢೂಂ" ಅಂತ ಅಮ್ಮ ದೂರು ಕೊಟ್ಟರೆ ನಡುವಿನ ಸ್ಪೀಕರನ್ನು ಎರಡು ಡೆಸಿಬೆಲ್ ಏರಿಸಿ. ರಾತ್ರಿಗೆ ನೈಟ್ ಮೋಡ್ ಇದೆ, ಜೋರನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ಸಬ್‌ವೂಫರಿಗೆ ದನಿಗೂಡಿಸಿ ಕಪಾಟಿನ ಹಿತ್ತಾಳೆ ಚೊಂಬು, ಗೋಡೆಯ ಫೋಟೊ, ಕಿಟಕಿ ಗಾಜು ಎಲ್ಲ ನಡುಗುತ್ತವೆ. ಒಂದೊಂದನ್ನೇ ಬೆರಳಲ್ಲಿ ಒತ್ತಿ ಹಿಡಿದು ಕಳ್ಳ ಯಾರು ಅಂತ ಪತ್ತೆ ಮಾಡಿ, ಹಿಂದೆ ಒಂದು ಚೂರು ರಬ್ಬರು ಅಂಟಿಸಿ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಅದರ ಬಿಸಿಯೇ ಒಳಗಿನ ತೇವ ಆರಿಸುತ್ತದೆ. ವಾರಗಟ್ಟಲೆ ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ತೇವ ಒಳಗೇ ಕೂರುತ್ತದೆ. ಸ್ಪೀಕರಿನ ಬಟ್ಟೆಗೆ ಬೂಷ್ಟು ಬಂದರೆ ಒಣ ಬ್ರಷ್ಷಿನಿಂದ ಉಜ್ಜಿ ಬಿಸಿಲು ಬಿದ್ದಾಗ ಆರಹಾಕಿ. ಹೊಸ ಸ್ಪೀಕರ್ ಕೊಳ್ಳುವಾಗಲೇ ವೂಫರಿನ ಅಂಚು ಫೋಮಿನದ್ದಾ ರಬ್ಬರಿನದ್ದಾ ನೋಡಿ. ನಮ್ಮ ಹವೆಗೆ ಫೋಮ್ ಬೇಗ ಪುಡಿಯಾಗುತ್ತದೆ.

ಇರುವೆಗಳಿಗೆ ಬೆಚ್ಚನೆಯ ಡಬ್ಬ ಅಂದರೆ ಮೊಟ್ಟೆ ಇಡಲು ಹೇಳಿ ಮಾಡಿಸಿದ ಜಾಗ. ಸ್ಟ್ಯಾಂಡಿನ ಕಾಲುಗಳ ಸುತ್ತ ಇರುವೆ ಚಾಕ್‌ಪೀಸಿನ ಗೆರೆ ಎಳೆಯಿರಿ, ಡಬ್ಬದ ಒಳಗೆ ಔಷಧಿ ಹೊಡೆಯಬೇಡಿ. ಹಲ್ಲಿ ಗಾಳಿತೂತಿನಿಂದ ನುಸುಳದಂತೆ ಸ್ಟ್ಯಾಂಡಿನ ಹಿಂಬದಿಗೆ ಸೊಳ್ಳೆಪರದೆ ಬಲೆ ಕಟ್ಟಿ, ನೇರ ರಿಸೀವರಿಗೆ ಹೊದಿಸಬೇಡಿ, ಗಾಳಿ ಕಟ್ಟುತ್ತದೆ. ಮಳೆಗಾಲ ಕಳೆದ ಮೇಲೆ ಸ್ಪೀಕರ್ ವಯರಿನ ತುದಿ ಬಿಚ್ಚಿ ನೋಡಿ. ಹಸಿರು ಅಥವಾ ಕಪ್ಪು ಹಿಡಿದಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಹೊಸೆದು ಹಾಕಿ. ಅದಕ್ಕೇ ವಯರನ್ನು ಎಳೆಯುವಾಗ ಒಂದು ಗೇಣು ಜಾಸ್ತಿ ಬಿಟ್ಟಿರಬೇಕು.

ಮನೆಯವರ ಕೈಗೆ ಕೊಡುವುದು

ನೀವು ಊರಿಗೆ ಹೊರಟುಬಿಡುತ್ತೀರಿ, ರಿಮೋಟಿನಲ್ಲಿ ಐವತ್ತು ಗುಂಡಿ. ಇನ್‌ಪುಟ್‌ಗಳ ಹೆಸರನ್ನು ಡಿಶ್, ಸಿನಿಮಾ, ರೇಡಿಯೊ ಅಂತ ಬದಲಿಸಿ ಇಡಿ, ಹೆಚ್ಚಿನ ರಿಸೀವರಿನಲ್ಲಿ ಬರುತ್ತದೆ. ಬೇಕಿಲ್ಲದ ಗುಂಡಿಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಪೆಟ್ಟಿಗೆಯಲ್ಲಿ ಬಂದ ಎಫ್‌ಎಂ ಆಂಟೆನಾ ವಯರನ್ನು ಎಸೆಯಬೇಡಿ, ಕಿಟಕಿ ಚೌಕಟ್ಟಿಗೆ ಎತ್ತರದಲ್ಲಿ ಕಟ್ಟಿ ಭದ್ರಾವತಿ ಆಕಾಶವಾಣಿ ಸಿಗುತ್ತದಾ ನೋಡಿ, ಸಿಕ್ಕಿದರೆ ಅದನ್ನೇ ಒಂದನೇ ನಂಬರಿಗೆ ಹಾಕಿ. ಆಮೇಲೆ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿ. ನಮ್ಮ ಮನೆಯ ಹಾಳೆಯಲ್ಲಿ ಮೊದಲ ಸಾಲು, ಕೆಂಪು ಶಾಯಿಯಲ್ಲಿ: ಮೋಡ ಕಟ್ಟಿದ ಕೂಡಲೇ, ಗುಡುಗುವ ಮೊದಲೇ ಪ್ಲಗ್, ಡಿಶ್ ವಯರು, ಲ್ಯಾನ್, ಮೂರೂ. ಅದರ ಕೆಳಗೆ ಅಮ್ಮ ತಮ್ಮ ಕೈಯಿಂದ ಸೇರಿಸಿದ್ದಾರೆ: ಆಮೇಲೆ ಕಾಫಿ.